ಹಿಂದಿನ ಸೊಲ್ಲಿನವಳು

ಮೊಮ್ಮಕ್ಕಳೇ, ನನಗೆ ಹಾಡಲು ಬರುತ್ತದೆ ಎಂದು ನಾನಾಗಿ ಯಾರಿಗೂ ಹೇಳಿದವಳಲ್ಲ. ಮನೆಯಲ್ಲಿ ಹಾಡಿದ್ದೇನೆ, ಮದುವೆಗಳಲ್ಲಿ, ಬಸುರಿಯರ ಕುಬಸದ ಕಾರ್ಯಗಳಲ್ಲಿ ಹಾಡಿದ್ದೇನೆ. ಆದರೆ ಯಾವಾಗಲೂ ನಾಲ್ಕು ಜನರ ಬೆನ್ನಿಗೆ ನಿಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಹಾಗಾಗಿ ನಿಮ್ಮ ಪೈಕಿ ದೊಡ್ಡವಳು, ಧಾರವಾಡದಲ್ಲಿ ಜೀವಶಾಸ್ತ್ರ ಓದುವವಳು, ದೀಪಾವಳಿ ಸೂಟಿಗೆ ಬೆಟಗೇರಿಗೆ ಬಂದು, ಕೋಣೆಯ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಫೋನಿಟ್ಟು, ಫ್ಯಾನ್ ಆರಿಸಿ "ಹಾಡು ಆಯಿ" ಅಂದಾಗ ನನಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು.

"ಫ್ಯಾನ್ ಇರಲಿ ಬಿಡವಾ, ಸೆಕಿ ಆಗ್ತೈತಿ," ಅಂದೆ. ಸೆಕೆಯೇನೂ ಇರಲಿಲ್ಲ. ಅದರ ಸಪ್ಪಳದಲ್ಲಿ ನನ್ನ ದನಿ ಮುಚ್ಚಿಹೋಗಲಿ ಎಂದು ಅಷ್ಟೇ.

"ಫ್ಯಾನ್ ಇದ್ರ ಬರೇ ಫ್ಯಾನ್ ಹಾಡಿದ್ದ ಕೇಳ್ತೈತಿ ಆಯಿ."

"ಹಂಗಾರ ನಿಮ್ಮವ್ವನ್ನೂ ಕರಿ. ಇಬ್ಬರೂ ಕೂಡಿ ಹಾಡ್ತೀವಿ."

"ಬ್ಯಾಡ. ಎರಡು ದನಿ ಕೂಡಿದ್ರ ಕಂಪ್ಯೂಟರಿಗೆ ತಿಳಿಯಂಗಿಲ್ಲ. ಒಬ್ಬಾಕಿನ ಹಾಡಬೇಕು."

ಅವಳು ಕೇಳಿದ್ದು ಸಂಜೆಯ ಆರತಿ ಪದ. ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಹಾಡುವಂಥದ್ದು. ಶರಣರ ಕಾಲದಿಂದ ಬಾಯಿಂದ ಬಾಯಿಗೆ ಬಂದದ್ದು ಎಂದು ಹಿರಿಯರು ಹೇಳುತ್ತಿದ್ದರು. ಮಾತುಗಳು ಎಲ್ಲ ಊರಲ್ಲಿಯೂ ಹೆಚ್ಚು ಕಡಿಮೆ ಅವೇ. ಧಾಟಿ ಮಾತ್ರ ಬೇರೆ ಬೇರೆ. ನಾನು ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಮೊದಲಿಂದ ಕೊನೆಯವರೆಗೆ ಹಾಡಿದೆ. ಮುಗಿದ ಮೇಲೆ ನೋಡಿದರೆ ತೊಟ್ಟ ಕುಬಸ ಬೆವರಿನಿಂದ ಒದ್ದೆಯಾಗಿತ್ತು. ಅವಳು ಆ ಹಾಡನ್ನು ಫೋನಿನಲ್ಲಿ ತಿರುಗಿ ಹಚ್ಚಿ ಕೇಳಿಸಲು ಹೋದಳು. ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಹೊರಗೆ ಬಂದೆ.

ತಾನು ಮಾಡುತ್ತಿರುವುದು ಏನೆಂದು ಅವಳು ನನಗೆ ಹಲವು ಸಲ ಬಿಡಿಸಿ ಹೇಳಿದ್ದಾಳೆ. ನಾನು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ತಿಳಿದಷ್ಟನ್ನು ಬರೆಯುತ್ತೇನೆ. ಪ್ರತಿಯೊಂದು ಜೀವದೊಳಗೆ ಅಕ್ಷರಗಳಂಥ ಒಂದು ಉದ್ದನೆಯ ಸಾಲು ಇರುತ್ತದಂತೆ. ತಾಯಿಯಿಂದ ಮಗುವಿಗೆ ದಾಟುವಾಗ ಎಲ್ಲೋ ಒಂದು ಅಕ್ಷರ ಬದಲಾಗುತ್ತದೆ, ಒಂದೆರಡು ಬಿದ್ದುಹೋಗುತ್ತವೆ. ಎರಡು ಜೀವಗಳ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು, ಎಲ್ಲಿ ಹೊಂದುತ್ತವೆ ಎಲ್ಲಿ ಹೊಂದುವುದಿಲ್ಲ ಎಂದು ಕಂಪ್ಯೂಟರು ನೋಡುತ್ತದೆ. ಫರಕು ಕಡಿಮೆ ಇದ್ದವು ಹತ್ತಿರದ ಸಂಬಂಧಿಕರು, ಹೆಚ್ಚು ಇದ್ದವು ದೂರದವರು. ಹಾಗೆ ಎಲ್ಲವನ್ನೂ ಸೇರಿಸಿ ಒಂದು ಗಿಡದ ಚಿತ್ರ ಬರೆಯುತ್ತದೆ. ಕೊರೋನಾ ಬಂದಾಗ ಯಾವ ಊರಿನ ರೋಗ ಯಾವ ಊರಿಂದ ಬಂತು ಎಂದು ಹುಡುಕಿದ್ದು ಕೂಡ ಹೀಗೆಯೇ ಅಂತೆ.

ಪರದೇಶದಲ್ಲಿ ಕೆಲವರು ಇದೇ ಲೆಕ್ಕವನ್ನು ಹಾಡಿಗೆ ಹಚ್ಚಿ ನೋಡಿದ್ದಾರಂತೆ. ಅಲ್ಲಿಯ ಮಠಗಳ ಸನ್ಯಾಸಿಗಳು ನೂರಾರು ವರ್ಷಗಳ ಹಿಂದೆ ಹಾಡುತ್ತಿದ್ದ ಪ್ರಾರ್ಥನೆಗಳ ಸ್ವರಗಳನ್ನು ಚರ್ಮದ ಹಾಳೆಗಳ ಮೇಲೆ ಬರೆದಿಟ್ಟಿದ್ದಾರೆ. ಒಂದು ಮಠದವರು ಇನ್ನೊಂದರಿಂದ ಕಲಿಯುವಾಗ ಧಾಟಿ ಎಲ್ಲಿ ಬದಲಾಯಿತು, ಮೂಲ ಯಾವುದು, ಕೊಂಬೆ ಯಾವುದು ಎಂದು ಹುಡುಕುತ್ತಾರೆ. ಅವಳು ಅದರಲ್ಲೊಂದನ್ನು ನನ್ನ ಕಿವಿಗೆ ಹಚ್ಚಿ ಕೇಳಿಸಿದಳು. ತಾಳವಿಲ್ಲ, ಬಾಜಾ ಪೇಟಿಯಿಲ್ಲ, ಬಾವಿಯೊಳಗೆ ನಿಂತು ಹಾಡಿದ ಹಾಗೆ ಗಂಡಸರ ದನಿ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ಮಾತ್ರ ನನಗೆ ನಾಚಿಕೆಯಾಯಿತು. ನನ್ನಂಥವಳು ಏನು ತಿಳಿದು ಹಾಗೆ ಹೇಳುವುದು?

"ನಮ್ಮಲ್ಲಿ ಬರದಿಟ್ಟವರು ಯಾರೂ ಇಲ್ಲ ಆಯಿ. ಅದಕ್ಕ ನಾ ಬಾಯಿಗಳ್ನ ಹುಡಿಕ್ಕೊಂಡು ಹೊಂಟೀನಿ," ಅಂದಳು.

ಸ್ವರ ಏರಿದರೆ ಒಂದು ಅಕ್ಷರ, ಇಳಿದರೆ ಇನ್ನೊಂದು, ಎಷ್ಟು ಏರಿತು ಎಷ್ಟು ಇಳಿಯಿತು ಎಂಬುದಕ್ಕೆ ಬೇರೆ ಬೇರೆ. ಹೀಗೆ ಇಡೀ ಹಾಡು ಒಂದು ಸಾಲಾಗುತ್ತದೆ. ಅದು ನನಗೆ ಕೂಡಲೇ ತಿಳಿಯಿತು. ಎರಡು ಸೀರೆಗಳ ದಡಿಗಳನ್ನು ನೆಲದ ಮೇಲೆ ಜೋಡಿಸಿ ಹಾಸಿದರೆ, ಒಂದರಲ್ಲಿ ನಾಲ್ಕು ಎಳೆ ತಪ್ಪಿದ್ದರೂ ಮುಂದೆ ಚಿತ್ತಾರ ಮತ್ತೆ ಕೂಡಿಕೊಳ್ಳುವುದು ಕಾಣುತ್ತದಲ್ಲ, ಹಾಗೆ. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಬಂದವಳಿಗೆ ಇಷ್ಟಾದರೂ ತಿಳಿಯಬೇಡವೇ?

ಎರಡು ವರ್ಷದ ಅವಳ ಓದು ಮುಗಿಯಬೇಕಾದರೆ ಈ ಕೆಲಸವನ್ನು ತನ್ನ ಕಾಲೇಜಿನ ಗುರುಗಳ ಮುಂದೆ ನಿಂತು ತೋರಿಸಬೇಕಿತ್ತು. ಉಳಿದ ಹುಡುಗರೆಲ್ಲ ಜೋಳ, ಶೇಂಗಾ, ಸೊಳ್ಳೆ ಎಂದು ಆರಿಸಿಕೊಂಡಿದ್ದರಂತೆ. ಹಾಡು ತೆಗೆದುಕೊಂಡವಳು ಇವಳೊಬ್ಬಳೇ. "ಆರತಿ ಪದದಾಗ ಎಂಥಾ ವಿಜ್ಞಾನ?" ಎಂದು ಅಲ್ಲಿಯ ದೊಡ್ಡ ಸರ್ ಒಬ್ಬರು ನಕ್ಕಿದ್ದರಂತೆ. ಆ ಮಾತು ಅವಳ ಮನಸ್ಸಿಗೆ ನಾಟಿತ್ತು. ನನ್ನ ಮುಂದೆ ಹೇಳುವಾಗಲೂ ಅವಳ ಮೂಗು ಕೆಂಪಾಯಿತು.

ಚಳಿಗಾಲದಲ್ಲಿ ಅವಳು ಊರೂರು ತಿರುಗಿದಳು. ಒಂಟಿ ಹುಡುಗಿ ಫೋನ್ ಹಿಡಿದುಕೊಂಡು ಬಂದರೆ ಹಳ್ಳಿಯ ಮುದುಕಿಯರು ಬಾಗಿಲು ತೆಗೆಯುವುದಿಲ್ಲವೆಂದು ನನ್ನನ್ನು ಜೊತೆಗೆ ಒಯ್ದಳು. ಮಲ್ಲಸಮುದ್ರ, ಬಿಂಕದಕಟ್ಟಿ, ಹುಲಕೋಟಿ, ಆಮೇಲೆ ಬಸ್ಸು ಹತ್ತಿ ಮುಂಡರಗಿ, ಶಿರಹಟ್ಟಿ. ಗುರುತಿಲ್ಲದವರ ಪಡಸಾಲೆಯಲ್ಲಿ ಕುಳಿತು ಅವರ ಚಹಾ ಕುಡಿದು, ಅವರ ಮನೆಯ ದೇವರ ಹಾಡನ್ನು ಕೇಳುವುದೆಂದರೆ ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಅವಳು ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಇಲ್ಲಿ ಆರತಿ ಪದ ಛಲೋ ಹಾಡವರು ಯಾರ ಅದಾರ್ರಿ?" ಓಣಿಯವರು ಒಬ್ಬರನ್ನು ತೋರಿಸುತ್ತಿದ್ದರು. ಆ ಒಬ್ಬರು ಬಂದು ಕೂಡುತ್ತಿದ್ದರು.

ಬಿಂಕದಕಟ್ಟಿಯಲ್ಲಿ ಒಬ್ಬ ಅಜ್ಜಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಟಿವಿಯೊಳಗ ಬರ್ತೀನೇನ ಯವ್ವಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ, ಬರೇ ದನಿ ತಗೋತೀನಿ."

"ಅದ ಛಲೋ ಆತು. ಹಲ್ಲಿಲ್ಲದ ಬಾಯಿ ನೋಡಿ ನಮ್ಮೂರ ಝೂದವರು ಹಿಡ್ಯಾಕ ಓಡಿ ಬಂದಾರು," ಎಂದು ತಾನೇ ನಕ್ಕು, ಹೊರಗೆ ಕುಳಿತವರನ್ನೂ ನಗಿಸಿ, ಗಂಟಲು ಸರಿ ಮಾಡಿಕೊಂಡು ಹಾಡಿದಳು. ಎಂಥ ದನಿ ಅದು. ನಾನು ಕೆಳಗೆ ನೋಡುತ್ತ ಕುಳಿತೆ. ನನ್ನ ಹಾಡೂ ಇದೇ ಫೋನಿನಲ್ಲಿ ಇವಳ ಪಕ್ಕದಲ್ಲಿ ಕುಳಿತಿದೆ ಎಂದು ನೆನೆಸಿಕೊಂಡರೆ ಮುಖ ಬಿಸಿಯಾಗುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಒಂದು ರವಿವಾರ ಅವಳು ಕಂಪ್ಯೂಟರನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಪರದೆಯ ಮೇಲೆ ಅಡ್ಡ ಮಲಗಿದ ಗಿಡದ ಚಿತ್ರ. ಕೊಂಬೆಗಳ ತುದಿಗೆ ಊರುಗಳ ಹೆಸರು. ಹುಲಕೋಟಿ, ಬಿಂಕದಕಟ್ಟಿ, ಮಲ್ಲಸಮುದ್ರ ಒಂದು ಗೊಂಚಲು. ಶಿರಹಟ್ಟಿ ಅವುಗಳ ನೆರೆಗೆ. ಮುಂಡರಗಿ ಸ್ವಲ್ಪ ಬೇರೆ. ಇವೆಲ್ಲವನ್ನೂ ಬಿಟ್ಟು, ಬುಡದಿಂದಲೇ ಒಡೆದು ಒಂಟಿಯಾಗಿ ದೂರ ಹೋದ ಒಂದು ಕೊಂಬೆ. ಅದರ ತುದಿಗೆ "ಬೆಟಗೇರಿ, ಆಯಿ" ಎಂದು ಬರೆದಿತ್ತು.

"ನೋಡು ಆಯಿ. ನಿಂದು ಯಾರದ್ರ ಕೂಡಾನೂ ಹೊಂದಂಗಿಲ್ಲ. ಎಲ್ಲಾರಕ್ಕಿಂತ ಮೊದಲ ಕವಲೊಡದೈತಿ. ಅಂದ್ರ ಭಾಳ ಹಳೇ ಧಾಟಿ ನಿನ್ನ ಬಾಯಾಗ ಉಳಿದಿರಬಹುದು."

"ನಾ ತಪ್ಪು ಹಾಡಿರಬೇಕು ನೋಡವಾ."

"ಮಾತು ಒಂದೂ ತಪ್ಪಿಲ್ಲ. ನಾ ಎರಡು ಸಲ ನೋಡೀನಿ. ನಮ್ಮ ಮೇಡಂಗೂ ತೋರಿಸೀನಿ. ಅವರಿಗೂ ಖುಷಿ ಆಗೈತಿ."

ನಿಮ್ಮಪ್ಪ ಪಕ್ಕದ ಅಂಗಡಿಯಲ್ಲಿ ಇದನ್ನು ಹೇಳಿ ಬಂದ. ಓಣಿಯ ಹೆಣ್ಣುಮಕ್ಕಳು ನೀರಿಗೆ ಬಂದಾಗ, "ಏನ್ರಿ ಅಜ್ಜಿ, ನಿಮ್ಮ ಹಾಡು ಎಲ್ಲಾರಕ್ಕಿಂತ ಹಳೇದಂತ? ನಮಗೆಲ್ಲ ಗೊತ್ತ ಇರಲಿಲ್ಲ ನೋಡ್ರಿ," ಎಂದು ಕೇಳಿದರು. ನಾನು ಕೊಡ ತುಂಬುವ ಮೊದಲೇ ಒಳಗೆ ಬಂದೆ. ನಿಜ ಹೇಳಬೇಕೆಂದರೆ ಒಳಗೆಲ್ಲೋ ಹಿತವೂ ಅನ್ನಿಸಿತ್ತು. ಹಿತ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆ.

ಅವಳ ಮೇಡಂ ಮಾತ್ರ ಒಂದು ಮಾತು ಹೇಳಿ ಕಳಿಸಿದ್ದರು. ಅದೇ ಮನೆಯ ಇನ್ನೊಂದು ದನಿ ಸಿಕ್ಕರೆ ಕೇಳಿ ನೋಡೋಣ, ಆಮೇಲೆ ಗಟ್ಟಿ ಮಾಡಿ ಹೇಳೋಣ ಎಂದು. ನಿಮ್ಮವ್ವ ನಾವು ಅಣ್ಣತಮ್ಮಂದಿರ ಮನೆ ಬೇರೆಯಾದ ಮೇಲೆ ಬಂದವಳು; ಆ ಹಳೆಯ ಮನೆಯ ದನಿ ಎಂದರೆ ಉಳಿದವಳು ಒಬ್ಬಳೇ. ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ, ನಿಮಗೆಲ್ಲ ದೊಡ್ಡಾಯಿ. ಈಗ ಲಕ್ಷ್ಮೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು.

ಅಕ್ಕನ ಮುಂದೆ ನನ್ನ ಹಾಡು ಹಚ್ಚುತ್ತಾರೆ ಎಂದು ಕೇಳಿ ನನಗೆ ಊಟ ಸೇರಲಿಲ್ಲ. ಏಕೆಂದರೆ ಆ ಮನೆಯಲ್ಲಿ ಆರತಿ ಪದ ಅವಳದಾಗಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ತಿಳಿಯದೆ ನಮ್ಮವ್ವನ ಧಾಟಿಯಲ್ಲಿ, ಶಿರಹಟ್ಟಿ ಕಡೆಯ ನಮ್ಮ ಹಳ್ಳಿಯ ಧಾಟಿಯಲ್ಲಿ, ಬಾಯಿ ತೆಗೆದಿದ್ದೆ. ಅಕ್ಕ ಆರತಿಯ ತಟ್ಟೆ ಹಿಡಿದುಕೊಂಡೇ ತಿರುಗಿ, "ತವರಮನಿ ಧಾಟಿ ಹೊಸ್ತಲದಾಚಿ ಇಟ್ಟು ಬಾ ತಂಗಿ. ಇಲ್ಲಿ ಅತ್ತಿಯವರ ಧಾಟಿ ನಡೀತೈತಿ," ಅಂದಿದ್ದಳು. ಅತ್ತೆ, ಮಾವ, ಮಗ್ಗದ ಕುಣಿಯಲ್ಲಿ ಕುಳಿತ ನಿಮ್ಮ ಅಜ್ಜ, ಎಲ್ಲರೂ ಇದ್ದರು. ಆ ಮೇಲೆ ನಾನು ಅವಳ ಹಿಂದೆ ನಿಂತು, ಅವಳು ಹೇಗೆ ಎತ್ತಿದಳೋ ಹಾಗೆ ಹಿಡಿಯುತ್ತ ಬಂದೆ.

ಲಕ್ಷ್ಮೇಶ್ವರಕ್ಕೆ ಮೇಡಂ ಕೂಡ ಬಂದರು. ಎಳೆಯ ವಯಸ್ಸಿನವರೇ, ನಮ್ಮ ಜೊತೆ ಬಸ್ಸಿನಲ್ಲಿಯೇ ಬಂದು ಚಾಪೆಯ ಮೇಲೆ ಕುಳಿತರು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದಳು. ಮೊಮ್ಮಗಳು ಗಿಡದ ಚಿತ್ರ ತೋರಿಸಿ, ರೋಗದ ಲೆಕ್ಕವನ್ನೇ ಹಾಡಿಗೆ ಹಚ್ಚಿದ್ದೇವೆ ಎಂದು ವಿವರಿಸಿದಳು.

"ಯಾಕವಾ, ನಮ್ಮ ಹಾಡಿಗೆ ಏನಾರ ಜಡ್ಡು ಬಂದೈತೇನ?" ಅಂದಳು ಅಕ್ಕ. ಮೇಡಂ ನಕ್ಕರು. ಅಕ್ಕ ಮೊಮ್ಮಗಳ ಕಡೆ ತಿರುಗಿ, "ನಿಮ್ಮ ಆಯಿ ಹಾಡಿದ್ದು ಹಚ್ಚು ಮೊದಲ. ಕೇಳೂಣು."

ಫೋನಿನಲ್ಲಿ ನನ್ನ ದನಿ ಬಂತು. ನಾನು ಅದನ್ನು ಆ ತನಕ ಕೇಳಿರಲಿಲ್ಲ. ತೆಳ್ಳಗೆ, ಅಳುವವರ ಹಾಗೆ. ನಾನು ಚಾಪೆಯ ಅಂಚಿನ ಒಂದು ಕಡ್ಡಿಯನ್ನು ಎಳೆಯುತ್ತ ಕುಳಿತೆ. ಅಕ್ಕ ಒಂದು ನುಡಿ ಕೇಳಿದಳು, ಎರಡನೆಯದಕ್ಕೆ ಕೈ ಎತ್ತಿ ನಿಲ್ಲಿಸಿದಳು.

"ಇದು ಹಾಡಲ್ಲವಾ. ಹಾಡಿನ ಬಾಲ."

"ಅಂದ್ರ ದೊಡ್ಡಾಯಿ?"

"ಅಂದ್ರೇನು? ಅಕಿ ಹಿಂದಿನಾಕಿ. ನಾ ಸೊಲ್ಲು ಎತ್ತಿ ಮ್ಯಾಲೆ ಒಯ್ದು ಬಿಡ್ತಿದ್ದೆ, ಅಕಿ ಅದನ್ನ ಹಿಡದು ಕೆಳಗ ತರ್ತಿದ್ಲು. ಮಾತು ಅವ, ಧಾಟಿ ಬ್ಯಾರೆ. ನೀವು ಬರೇ ಕೆಳಗ ತರೂದಷ್ಟ ತಗೊಂಡೀರಿ. ಮುಂದಿನ ಸೊಲ್ಲು ಅಕಿ ಜನ್ಮದಾಗ ಒಮ್ಮೆನೂ ಎತ್ತಿಲ್ಲ. ಕೇಳ್ರಿ ಬೇಕಾರ."

ಮೂವರೂ ನನ್ನನ್ನು ನೋಡಿದರು. ನನಗೆ ಆಗಲೇ ಹೊಳೆದದ್ದು. ಆ ದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಹಾಡುವಾಗ, ಒಂದು ಸಾಲು ಮುಗಿದು ಇನ್ನೊಂದು ಹಿಡಿಯುವ ಮೊದಲು, ಅಕ್ಕ ಎತ್ತುವುದು ನನ್ನ ಕಿವಿಯೊಳಗೆ ನಡೆದೇ ಇತ್ತು. ಅದು ಮುಗಿಯುವ ತನಕ ಕಾದು ನಾನು ಹಿಡಿಯುತ್ತಿದ್ದೆ. ಫೋನಿಗೆ ಅದು ಕೇಳಿಸುವುದಿಲ್ಲ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ. ನಡುವಿನ ಆ ಬಿಡುವನ್ನು ಮುದುಕಿ ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ಮೊಮ್ಮಗಳು ಕತ್ತರಿಸಿ ತೆಗೆದಿದ್ದಳಂತೆ.

ಅವಳ ಮುಖ ಸುಣ್ಣದಂತಾಯಿತು. ಗುರುಗಳ ಮುಂದೆ ತೋರಿಸುವ ದಿನ ಗೊತ್ತಾಗಿತ್ತು. ಬೆಟಗೇರಿಯ ಒಂಟಿ ಕೊಂಬೆಯ ವಿಷಯವನ್ನೇ ಮೊದಲಿಗಿಟ್ಟು ಬರೆದು ಕೊಟ್ಟೂ ಆಗಿತ್ತು. ನಕ್ಕಿದ್ದ ಆ ಸರ್ ಅದನ್ನು ಓದಿಯೂ ಆಗಿತ್ತು. ಮೇಡಂ ಮೆಲ್ಲಗೆ, "ಇಲ್ಲೇ ತಿಳೀತಲ್ಲ, ಛಲೋ ಆತು," ಅಂದರು. ಆದರೆ ಅವರೂ ಗಿಡದ ಚಿತ್ರವನ್ನು ಮತ್ತೆ ನೋಡಲಿಲ್ಲ.

ಅಕ್ಕನಿಗೆ ಇದ್ಯಾವುದೂ ತಿಳಿಯಲಿಲ್ಲ. ಹಾಡಿರಿ ಎಂದದ್ದೇ ತಡ ಬೆನ್ನು ನೆಟ್ಟಗೆ ಮಾಡಿ ಸೊಲ್ಲು ಎತ್ತಿದಳು. ವಯಸ್ಸಾಗಿದ್ದರೂ ದನಿ ಮೇಲಕ್ಕೆ ಹೋಯಿತು. ಹೋಗಿ ಅಲ್ಲಿಯೇ ನಿಂತಿತು. ಅವಳು ನನ್ನ ಕಡೆ ನೋಡಿದಳು. ನಾನು ಹಿಡಿಯಲಿಲ್ಲ. ಒಬ್ಬೊಬ್ಬರೇ ಹಾಡಬೇಕೆಂದು ಹೇಳಿದ್ದರಲ್ಲ.

"ಹಿಡಿಯಲೇ. ನಾ ಇಲ್ಲೇ ನೇತಾಡ್ಲೇನ?"

"ಒಬ್ಬಾಕಿನ ಹಾಡಬೇಕಂತ ಅಕ್ಕಾ."

"ಕೆಳಗ ಇಳ್ಯಾಕ ನನಗೆಲ್ಲಿ ಬರ್ತೈತಿ? ಅದನ್ನ ನಾ ಯಾವಾಗ ಹಾಡೀನಿ?"

ಮೊಮ್ಮಗಳು ತಲೆ ಎತ್ತಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. "ಹಿಡಿ ಆಯಿ," ಅಂದಳು. ನಾನು ಹಿಡಿದೆ. ಗಂಟಲಿನಿಂದ ಬಂದದ್ದು ಅರ್ಧ ಗಾಳಿಯೇ. ಆದರೂ ನುಡಿ ನುಡಿಯಾಗಿ ಕೊನೆಯವರೆಗೆ ಹೋದೆವು. ಆ ಮನೆ ಬಿಟ್ಟು ಬೇರೆಯಾದ ಮೇಲೆ ನಾವಿಬ್ಬರೂ ಕೂಡಿ ಹಾಡಿದ್ದು ಅದೇ ಮೊದಲು. ಅದರ ಸಂತೋಷ ನನಗೆ ಆ ಹೊತ್ತಿಗೆ ತಟ್ಟಲಿಲ್ಲ. ಮಗುವಿನ ಕೆಲಸ ಕೆಡಿಸಿದೆನಲ್ಲ ಎಂಬುದೊಂದೇ ತಲೆಯಲ್ಲಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕುಳಿತಳು. ನಾನು ಶೇಂಗಾ ಉಂಡಿಯ ಡಬ್ಬಿ ತೆರೆದು ಹಿಡಿದೆ. ಬೇಡವೆಂದಳು. ಅಲ್ಲಿಂದ ಗದಗಿನ ತನಕ ಡಬ್ಬಿಯನ್ನು ಮುಚ್ಚಲೂ ನನಗೆ ತೋಚಲಿಲ್ಲ.

ಅವಳು ಧಾರವಾಡಕ್ಕೆ ಹೋಗಿ ಎಲ್ಲವನ್ನೂ ಹೊಸದಾಗಿ ಮಾಡಿದಳು. ಅಕ್ಕನ ಸಾಲು, ನನ್ನ ಸಾಲು ಎರಡನ್ನೂ ಒಂದಾದ ಮೇಲೊಂದು ಕೂಡಿಸಿ ಒಂದೇ ಹಾಡನ್ನಾಗಿ ಮಾಡಿ ಕಂಪ್ಯೂಟರಿಗೆ ಕೊಟ್ಟಳು. ವಾರದ ಮೇಲೆ ಮನೆಗೆ ಬಂದು ತೋರಿಸಿದಳು. ಒಂಟಿ ಕೊಂಬೆ ಇಲ್ಲವಾಗಿತ್ತು. ನಮ್ಮ ಮನೆಯ ಹಾಡು ಬಂದು ಮುಂಡರಗಿಯ ಮಗ್ಗುಲಿಗೆ ಕುಳಿತಿತ್ತು. ಅಕ್ಕಪಕ್ಕದ ಹಳ್ಳಿಗಳ ಗೊಂಚಲಿನಿಂದ ದೂರ.

"ಮುಂಡರಗಿ ಯಾಕ ಆಯಿ? ನಮಗೂ ಮುಂಡರಗಿಗೂ ಏನ ಸಂಬಂಧ?"

ಅಕ್ಕನ ತವರು ಮುಂಡರಗಿ. ನಾನು ಅದನ್ನು ಹೇಳಿದೆ. ಹೇಳುತ್ತಿದ್ದಂತೆ ನನ್ನೊಳಗೆ ಏನೋ ಕುಣಿದು ಎದ್ದಿತು. ತವರಮನೆಯ ಧಾಟಿಯನ್ನು ಹೊಸ್ತಿಲ ಆಚೆ ಇಟ್ಟು ಬಾ ಎಂದು ಎಲ್ಲರ ಮುಂದೆ ನನಗೆ ಅಂದವಳು, ತಾನು ದಿನಾ ಸಂಜೆ ತನ್ನ ಅವ್ವನ ಧಾಟಿಯನ್ನೇ ಹಾಡಿದ್ದಳು. ಅತ್ತೆಯವರ ಧಾಟಿ ಎಂದು ನಾವೆಲ್ಲ ನಂಬಿದ್ದೆವು. ಈ ವಯಸ್ಸಿನಲ್ಲಿ, ಗಂಡ ಸತ್ತು, ಅತ್ತೆ ಸತ್ತು, ಮಗ್ಗದ ಕುಣಿಗಳನ್ನೂ ಮುಚ್ಚಿ ಮೇಲೆ ಫರಸಿ ಕಲ್ಲು ಹಾಕಿದ ಮೇಲೆ, ಅವಳನ್ನು ಹಿಡಿದೆ ಎಂದು ನನಗೆ ಖುಷಿಯಾಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ.

"ಹಂಗಾರ ದೊಡ್ಡಾಯಿಗೆ ಕೇಳೂಣು," ಎಂದು ಅವಳು ಕೂಡಲೇ ಫೋನ್ ಹಚ್ಚಿದಳು. ಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹತ್ತಿರ ಸರಿದು ಕುಳಿತೆ. ಫೋನಿನ ದನಿ ಇಬ್ಬರಿಗೂ ಕೇಳುವ ಹಾಗೆ ದೊಡ್ಡದು ಮಾಡಿದ್ದಳು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಯಂತ್ರಕ್ಕ ಗೊತ್ತಾತೇನ ಅದು?" ಅಂದಳು.

"ಖರೇನ ದೊಡ್ಡಾಯಿ?"

"ಖರೆ. ನಮ್ಮವ್ವಂದ ಅದು. ಅತ್ತಿ ಧಾಟಿ ಕಲಿಯಾಕ ಭಾಳ ಹೆಣಗಿದೆ, ಬಾಯಾಗ ನಿಲ್ಲಲಿಲ್ಲ. ಹೊಸಾದಾಗಿ ಬಂದಾಕಿ, ಬರಂಗಿಲ್ಲ ಅಂದ್ರ ಮರ್ಯಾದಿ ಏನ ಉಳೀತೈತಿ? ಅತ್ತಿಗೆ ಕಿವಿ ಮಂದ ಆಗಿತ್ತು. ತುಟಿ ಅಷ್ಟ ನೋಡ್ತಿದ್ಲು. ಮಾತು ತಪ್ಪಲಿಲ್ಲಂದ್ರ ಸಾಕಾಗಿತ್ತು ಅಕಿಗೆ." ನಕ್ಕಳು. ನಗು ನಿಂತ ಮೇಲೆ ದನಿ ಬೇರೆಯಾಯಿತು. "ನಿಮ್ಮ ಆಯಿಗೆ ಗೊತ್ತಿತ್ತು. ಅಕಿ ಕಿವಿ ಸೂಕ್ಷ್ಮ. ಬಂದ ವರ್ಷಾನ ಗೊತ್ತಾಗಿರಬೇಕು. ಆದ್ರ ಒಂದು ದಿನಾನೂ ಬಾಯಿ ಬಿಡಲಿಲ್ಲ. ನಾ ಎಲ್ಲಾರ ಮುಂದ ಬೈದಿದ್ದೆ ಅಕಿಗೆ. ಆದ್ರೂ ಬಿಡಲಿಲ್ಲ. ಅಂಥಾಕಿ ಅಕಿ."

ಮೊಮ್ಮಗಳು ನನ್ನನ್ನು ನೋಡಿದಳು. ಅಂಥ ನೋಟದಿಂದ ನನ್ನನ್ನು ಯಾರೂ ನೋಡಿದ್ದಿಲ್ಲ. ಫೋನನ್ನು ನನ್ನ ಕಡೆಗೆ ಸರಿಸಿದಳು. ನನಗೆ ನೆಲದೊಳಗೆ ಹೋಗಿಬಿಡಬೇಕು ಅನ್ನಿಸಿತು. ನನಗೆ ಗೊತ್ತೇ ಇರಲಿಲ್ಲ. ಅವಳು ಎತ್ತಿದ್ದನ್ನು ನಾನು ಹಿಡಿಯುತ್ತಿದ್ದೆ, ಅದು ಯಾರದೆಂದು ಒಂದು ದಿನವೂ ವಿಚಾರ ಮಾಡಿದವಳಲ್ಲ. ಈಗ ಗೊತ್ತಾದಾಗ ಕುಣಿದದ್ದು ನನ್ನ ಮನಸ್ಸು. ಅದೇ ಹೊತ್ತಿಗೆ ಅಲ್ಲಿ ಅವಳು ನನ್ನನ್ನು ಹೊಗಳುತ್ತಿದ್ದಾಳೆ.

"ಇಲ್ಲ ಅಕ್ಕಾ," ಅಂದೆ. "ನನಗ ಗೊತ್ತಿರಲಿಲ್ಲ."

"ಏನು?"

"ಖರೇನ ಗೊತ್ತಿರಲಿಲ್ಲ. ಗೊತ್ತಿದ್ರ ಹೇಳ್ತಿದ್ನೋ ಏನೋ."

ಆ ಕಡೆಯಿಂದ ಪಾತ್ರೆ ಇಟ್ಟ ಸಪ್ಪಳ ಕೇಳಿತು. "ಮತ್ತ ಇಷ್ಟು ವರ್ಷ ನಾ ನಿನಗ ಯಾಕ ಅಂಜಿಕೋಂತ ಇದ್ದೆ?" ಅಂದಳು ಅಕ್ಕ. "ಅತ್ತಿಗೆ ಹೇಳಿಗೀಳಿ ಬಿಟ್ಟೀಯ ಅಂತ ನೂಲಿನ ಕಂಡಿಕಿ ಸುತ್ತೂದನ್ನ ನಿನಗ ಕಡಿಮಿ ಹಚ್ಚತಿದ್ದೆ. ಹಬ್ಬದಾಗ ಹೋಳಿಗಿ ಮೊದಲ ನಿನ್ನ ಗಂಗಾಳಕ್ಕ ಹಾಕ್ತಿದ್ದೆ. ಎಲ್ಲಾ ದಂಡ ಆತು ನೋಡು."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು. ನಾನೂ ನಗುವ ಹಾಗೆ ಮಾಡಿದೆ. ಹೋಳಿಗೆಯ ಮಾತು ನಿಜ. ಮೊದಲು ನನ್ನ ಗಂಗಾಳಕ್ಕೇ ಬೀಳುತ್ತಿತ್ತು. ನಾನು ಅದನ್ನು ಅವಳ ಅಂತಃಕರಣ ಎಂದುಕೊಂಡಿದ್ದೆ. ಈಗಲೂ, ಪೂರಾ ಅಂಜಿಕೆಯೇ ಇರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ.

ಗುರುಗಳ ಮುಂದೆ ತೋರಿಸುವ ದಿನ ನನ್ನನ್ನು ಬರಬೇಕೆಂದು ಹಟ ಹಿಡಿದಳು. ದೊಡ್ಡ ಕೋಣೆ, ಕುರ್ಚಿಗಳ ಸಾಲು. ನಾನು ಹಿಂದಿನ ಬಾಗಿಲ ಬಳಿ ಕುಳಿತೆ. ಅವಳು ನಿಂತು ಮೊದಲು ತೋರಿಸಿದ್ದು ಆ ಹಳೆಯ ಗಿಡವನ್ನೇ. ಇದು ತಪ್ಪು, ನಾನು ಬರೆದುಕೊಟ್ಟದ್ದರಲ್ಲಿ ಮೊದಲ ಮಾತೇ ತಪ್ಪು ಎಂದು ಹೇಳಿ, ಯಾಕೆ ಎಂದು ವಿವರಿಸಿದಳು. ನನ್ನ ದನಿ, ಆಮೇಲೆ ಇಬ್ಬರ ದನಿ, ಎರಡನ್ನೂ ಹಚ್ಚಿದಳು. ನಾನು ಸೆರಗಿನೊಳಗೆ ಮುಖ ಮುಚ್ಚಿಕೊಂಡಿದ್ದೆ.

ಅದೇ ದೊಡ್ಡ ಸರ್ ಎದ್ದು ಕೇಳಿದರು. "ನಿಮ್ಮ ಮನಿಯೊಳಗಿನ ಅಜ್ಜಿ. ಆಕಿ ಮುಂದ ಹಾಡ್ತಾಳೋ ಹಿಂದ ಹಾಡ್ತಾಳೋ ಅನ್ನೂದು ನಿನಗ ಗೊತ್ತಿರಲಿಲ್ಲೇನು?"

ಕೋಣೆಯಲ್ಲಿ ಒಂದಿಬ್ಬರು ನಕ್ಕರು. ಅವಳ ಮೂಗು ಕೆಂಪಾದದ್ದು ನನಗೆ ಅಷ್ಟು ದೂರದಿಂದ ಕಂಡಿತು.

"ಇಲ್ರಿ ಸರ್. ನಾನು ಎಲ್ಲೆ ಹೋದ್ರೂ ಛಲೋ ಹಾಡವರು ಯಾರು ಅಂತ ಕೇಳಿದೆ. ಎಲ್ಲಾ ಊರಾಗೂ ಮುಂದಿನವರನ್ನ ತೋರಿಸಿದ್ರು. ಅವರು ಎರಡೂ ಹಾಡಿದ್ರೋ, ಬರೇ ತಮ್ಮದಷ್ಟ ಹಾಡಿದ್ರೋ ಅನ್ನೂದೂ ಈಗ ನನಗ ಗೊತ್ತಿಲ್ಲ. ಇನ್ನೊಮ್ಮೆ ಹೋಗಬೇಕು."

"ಎಲ್ಲಾ ಊರಿಗೂ?"

"ಹೌದ್ರಿ."

ಅವರು ಇನ್ನೇನೂ ಕೇಳದೆ ಕುಳಿತರು. ಕೆಲಸ ಮುಗಿಸಲು ಅವಳಿಗೆ ಇನ್ನೊಂದು ಅವಧಿ ಕೊಟ್ಟರಂತೆ. ಜೊತೆಯವರಿಗೆಲ್ಲ ಓದು ಮುಗಿಯಿತು, ಇವಳದು ಉಳಿಯಿತು. ನನ್ನಿಂದಲೇ ಉಳಿಯಿತು ಎಂದು ನಾನು ಅಂದರೆ ಅವಳಿಗೆ ಸಿಟ್ಟು ಬರುತ್ತದೆ.

ಮೊದಲು ಹೋದದ್ದು ಶಿರಹಟ್ಟಿಗೆ. ಅಂದು ಹಾಡಿದ್ದ ಹೆಂಗಸು ನಮ್ಮನ್ನು ಗುರುತಿಸಿ, "ಮತ್ಯಾಕ ಬಂದ್ರಿ? ಅವತ್ತು ಹಾಡಿದ್ದು ಹಳಸಿ ಹೋತೇನ?" ಎನ್ನುತ್ತ ಚಾಪೆ ಹಾಸಿದಳು. ನಿಮ್ಮ ಹಿಂದೆ ಸೊಲ್ಲು ಹಿಡಿಯುವವರು ಬೇಕಿತ್ತು ಎಂದು ಮೊಮ್ಮಗಳು ಕೇಳಿದಳು. ಆ ಹೆಂಗಸು ಅಡುಗೆಮನೆಯ ಕಡೆ ಕೈ ಮಾಡಿದಳು. ಅಲ್ಲಿ ಕದದ ಮರೆಯಲ್ಲಿ ಒಬ್ಬ ಮುದುಕಿ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಳು. ಅಂದು ನಾವು ಬಂದಾಗಲೂ ಅವಳು ಅಲ್ಲಿಯೇ ಇದ್ದಿರಬೇಕು. ನಾನು ನೋಡಿರಲಿಲ್ಲ.

"ನನಗ ಹಾಡಾಕ ಬರಂಗಿಲ್ರಿ," ಅಂದಳು, ತಲೆ ಎತ್ತದೆ. "ನಾ ಬರೇ ಹಿಡಿತೀನಿ."

ಮೊಮ್ಮಗಳು ನನ್ನ ಕಡೆ ತಿರುಗಿದಳು. ನಾನು ಹೋಗಿ ಆ ಮುದುಕಿಯ ಪಕ್ಕದಲ್ಲಿ ನೆಲಕ್ಕೆ ಕುಳಿತು, ಬುಟ್ಟಿಯಿಂದ ಒಂದು ಗಡ್ಡೆ ತೆಗೆದುಕೊಂಡೆ. ಇಬ್ಬರೂ ಸುಲಿಯುತ್ತ ಕುಳಿತೆವು. ಪಡಸಾಲೆಯಲ್ಲಿ ಆ ಹೆಂಗಸು ಕಾಯಲಾರದೆ ತಾನೇ ಸೊಲ್ಲು ಎತ್ತಿದಳು. ಅದು ನಮ್ಮವ್ವನ ಕಡೆಯ ಧಾಟಿ. ಪಕ್ಕದವಳು ಬಳ್ಳೊಳ್ಳಿ ಕೈಯಲ್ಲಿ ಹಿಡಿದುಕೊಂಡೇ, ಸೆರಗನ್ನು ಬಾಯಿಗೆ ಅಡ್ಡ ಎಳೆದು, ಹಿಡಿದಳು.